ಅತ್ತೆಯ ರಿಮೋಟು, ಖದೀಜಮ್ಮನ ಗೇಟು

ನಮ್ಮ ಅತ್ತೆ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ಮನೆಯಲ್ಲಿ ಎದ್ದ ದೊಡ್ಡ ಸಮಸ್ಯೆ ಕಾಲಿನದ್ದಲ್ಲ. ಕಾಲಿಗೆ ಡಾಕ್ಟರರು ಪ್ಲಾಸ್ಟರ್ ಹಾಕಿದರು, ಮಲಗಿರಿ ಎಂದರು, ಅದು ಅಲ್ಲಿಗೆ ಮುಗಿಯಿತು. ಸಮಸ್ಯೆ ಸ್ವರದ್ದು. ಅತ್ತೆಯ ಸ್ವರ ಅಷ್ಟು ಮೆತ್ತಗೆ. ಜೀವಮಾನದಲ್ಲಿ ಅವರು ಯಾರನ್ನೂ ಗಟ್ಟಿಯಾಗಿ ಕರೆದವರಲ್ಲ. ಮಂಚದಲ್ಲಿ ಮಲಗಿ "ಸವಿತಾ" ಎಂದು ಕರೆದರೆ ಅದು ಪಕ್ಕದ ದಿಂಬಿಗೆ ಕೇಳಿಸಿದರೆ ಹೆಚ್ಚು!

ನಮ್ಮ ಮನೆ ಇರುವುದು ಬಂದ್ಯೋಡಿನಲ್ಲಿ, ಹೈವೇಯಿಂದ ಒಳಗೆ ತಿರುಗುವ ಓಣಿಯಲ್ಲಿ. ರೈಲಿನ ಬೋಗಿಯ ಹಾಗೆ ಉದ್ದಕ್ಕೆ ಕಟ್ಟಿದ ಮನೆ. ಎಂಜಿನ್ ಇರಬೇಕಾದ ಕಡೆ ಅಡುಗೆಮನೆ, ಗಾರ್ಡ್ ಕೂರಬೇಕಾದ ಕಡೆ ಅತ್ತೆಯ ಕೋಣೆ. ನಡುವೆ ಬಾಗಿಲುಗಳು, ಗೋಡೆಗಳು, ಹೊರಗೆ ಹೈವೇಯ ಲಾರಿಗಳು, ಒಳಗೆ ನಮ್ಮ ಮಿಕ್ಸಿ. ಇಷ್ಟನ್ನು ದಾಟಿ ಅತ್ತೆಯ ಸ್ವರ ನನ್ನ ಕಿವಿಗೆ ಬರಬೇಕು.

ಒಂದು ದಿನ ಬೆಳಿಗ್ಗೆ ನಾನು ಚಹಾ ಕೊಟ್ಟು ಬಂದವಳು ಮತ್ತೆ ಊಟಕ್ಕೆ ಹೋದಾಗ ನೋಡುತ್ತೇನೆ, ಅತ್ತೆ ಆ ಸೆಕೆಯಲ್ಲಿ ಸ್ವೆಟರ್ ಹಾಕಿ, ಕಂಬಳಿ ಹೊದ್ದು ಕೂತಿದ್ದಾರೆ. ಮೇಲೆ ಫ್ಯಾನು ಹೆಲಿಕಾಪ್ಟರಿನಂತೆ ತಿರುಗುತ್ತಿದೆ.

"ಎಂತ ಅತ್ತೆ, ಜ್ವರವಾ?"

"ಇಲ್ಲ ಮಗಾ. ಫ್ಯಾನ್ ಸ್ವಲ್ಪ ಕಡಿಮೆ ಮಾಡ್ಲಿಕ್ಕೆ ಕರೆದಿದ್ದೆ. ಇರ್ಲಿ, ಈಗ ಅಭ್ಯಾಸ ಆಯ್ತು."

ಈ ಸುದ್ದಿಯನ್ನು ಅತ್ತೆ ಫೋನಿನಲ್ಲಿ ಮಗಳ ಹತ್ತಿರ ತಮಾಷೆಗೆ ಹೇಳಿದರು. ಮಗಳು ಅಂದರೆ ನನ್ನ ಅತ್ತಿಗೆ, ಮಂಗಳೂರಿನ ಸುಮತಿ. ಅವರಿಗೆ ತಮಾಷೆ ಎನಿಸಲಿಲ್ಲ. ಕೂಡಲೇ ತಮ್ಮನಿಗೆ, ಎಂದರೆ ನನ್ನ ಗಂಡ ಪ್ರಕಾಶರಿಗೆ, ಫೋನ್ ಬಂತು.

"ಪ್ರಕಾಶಾ, ಅಮ್ಮ ಕರೆದದ್ದು ನಿಮಗೆ ಕೇಳೂದಿಲ್ಲ ಅಂತಾದ್ರೆ ನಾನು ಕರ್ಕೊಂಡು ಬರ್ತೇನೆ. ಆದಿತ್ಯವಾರ ಕಾರು ತಗೊಂಡು ಬರ್ತೇವೆ. ಅಮ್ಮನ ಬಟ್ಟೆ ಎಲ್ಲ ಕಟ್ಟಿಡು."

ಅತ್ತೆಯ ಮುಖ ಬಾಡಿತು. ಮಗಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ಮಗಳ ಮನೆ ಏಳನೇ ಮಾಳಿಗೆಯಲ್ಲಿ. "ಅಲ್ಲಿ ಮಾತಾಡ್ಲಿಕ್ಕೆ ಲಿಫ್ಟ್ ಒಂದೇ ಇರೂದು. ಅದೂ ಇಂಗ್ಲಿಷ್ ಮಾತಾಡ್ತದೆ" ಎನ್ನುತ್ತಾರೆ ಅತ್ತೆ. ಇಲ್ಲಾದರೆ ಅವರ ಕಿಟಕಿಯಾಚೆ ಖದೀಜಮ್ಮನ ಅಂಗಳ. ಖದೀಜಮ್ಮ ಪ್ರತಿ ಸಾಯಂಕಾಲ ಕಿಟಕಿಯ ಹತ್ತಿರ ಬಂದು ನಿಂತು ಊರಿನ ಸಮಾಚಾರವನ್ನೆಲ್ಲ ಒಪ್ಪಿಸಿ ಹೋಗುತ್ತಾರೆ. ಅತ್ತೆ ಕಂಬಳಿಯ ಅಂಚನ್ನು ಮಡಚುತ್ತಾ, ಬಿಚ್ಚುತ್ತಾ ಕೂತರು.

"ಒಂದು ಕಾಲಿಂಗ್ ಬೆಲ್ ತಂದ್ರಾಯ್ತಲ್ಲ. ರಿಮೋಟಿನದ್ದು ಸಿಗ್ತದೆ" ಎಂದರು ಪ್ರಕಾಶ. ಅವರಿಗೆ ಜಂಕ್ಷನ್ನಿನಲ್ಲಿ ಫ್ಯಾನ್ಸಿ ಅಂಗಡಿ. ಜಗತ್ತಿನ ಎಲ್ಲ ಕಷ್ಟಕ್ಕೂ ಎಲ್ಲೋ ಒಂದು ಅಂಗಡಿಯಲ್ಲಿ ಪರಿಹಾರ ತೂಗು ಹಾಕಿದ್ದಾರೆ ಎಂದು ನಂಬಿದವರು.

ನಾನು ಅವರನ್ನು ಕನಿಕರದಿಂದ ನೋಡಿದೆ. ನಾನು ಯಾರು? ಹೈಯರ್ ಸೆಕೆಂಡರಿಯಲ್ಲಿ ಪ್ಲಸ್ ಟೂ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವ ಟೀಚರ್! ಶಾಲೆಯ ಶಾಸ್ತ್ರಮೇಳಕ್ಕೆ, ಎಂದರೆ ವಿಜ್ಞಾನ ಪ್ರದರ್ಶನಕ್ಕೆ, ಮಕ್ಕಳಿಂದ ಬೆಂಕಿಯ ಅಲಾರಂ ಮಾಡಿಸಿದವಳು! ಅದರ ಉಳಿದ ಸಾಮಾನುಗಳು ಒಂದು ಬಿಸ್ಕತ್ತು ಡಬ್ಬಿಯ ತುಂಬ ಮನೆಯಲ್ಲೇ ಬಿದ್ದಿರುವಾಗ ಅಂಗಡಿಯಿಂದ ಬೆಲ್ ತರುವುದೇ?

"ರಿಮೋಟ್ ನಾನು ಮಾಡ್ತೇನೆ" ಎಂದು ಘೋಷಿಸಿದೆ. "ಅಂಗಡಿಯದ್ದಕ್ಕೆ ಗ್ಯಾರಂಟಿ ಇಲ್ಲ."

"ನಿನ್ನದಕ್ಕೆ ಉಂಟಾ?" ಎಂದು ಪ್ರಕಾಶ ಕೇಳಿದ್ದು ನನಗೆ ಕೇಳಿಸಲಿಲ್ಲ. ಅತ್ತೆಯ ಸ್ವರದಂತೆ ಅದೂ ದಾರಿಯಲ್ಲೇ ಉಳಿಯಿತು.

ರಿಮೋಟಿಗೆ ಗೂಡು ಬೇಕಲ್ಲ. ಬಸ್ಸಿನಲ್ಲಿ ದೂರ ಹೋಗುವಾಗ ನಾವು ಒಯ್ಯುವ ಹಸಿರು ಸಾಬೂನು ಡಬ್ಬಿ ಸಿಕ್ಕಿತು. ಅದರ ಮುಚ್ಚಳಕ್ಕೆ ತೂತು ಕೊರೆದು ದೊಡ್ಡ ಗುಂಡಿ ಕೂರಿಸಿದೆ. ಒಳಗೆ ಸಂಕೇತ ಕಳಿಸುವ ಪುಟ್ಟ ಬೋರ್ಡು, ಅದಕ್ಕೆ ಬುದ್ಧಿ ಹೇಳುವ ಒಂದು ಎಲೆಕ್ಟ್ರಾನಿಕ್ ಚಿಪ್ಪು. ಅಡುಗೆಮನೆಯ ಗೋಡೆಯಲ್ಲಿ ಸಂಕೇತ ಹಿಡಿಯುವ ಪೆಟ್ಟಿಗೆ. ಅದಕ್ಕೆ ಬೆಂಕಿ ಅಲಾರಂನಿಂದ ಕಿತ್ತ ಪೀಪಿ. ಅದರ ಕಿರುಚಾಟ ಎಂಥದ್ದೆಂದರೆ ಶಾಸ್ತ್ರಮೇಳದಲ್ಲಿ ತೀರ್ಪುಗಾರರು ಬಹುಮಾನ ಕೊಡದೆ ಕಿವಿ ಮುಚ್ಚಿ ಓಡಿದ್ದರು.

ಉಳಿದದ್ದು ಒಂದೇ, ಕರೆಂಟ್. ರಿಮೋಟಿಗೆ ಕರೆಂಟ್ ಎಲ್ಲಿಂದ? ಈ ಭಾಗ ನನಗೆ ಒಂದು ವಿಷಯವೆಂದೇ ತೋರಲಿಲ್ಲ. ಪ್ರಕಾಶರ ಅಂಗಡಿಯಿಂದ ನಾಣ್ಯದ ಹಾಗೆ ಚಪ್ಪಟೆ ಇರುವ ಒಂದು ಸೆಲ್ ತಂದು ಸಿಕ್ಕಿಸಿದೆ. ಚಿಕ್ಕದು, ಚೊಕ್ಕದು, ಮುದ್ದಾದದ್ದು. ಇಡೀ ಅನಾಹುತದ ಬೀಜ ಅದು ಎಂದು ಯಾರಿಗೆ ಗೊತ್ತಿತ್ತು!

ರಿಮೋಟು ಜೀವಂತವಾಗಿದೆ ಎಂದು ಅತ್ತೆಗೆ ಗೊತ್ತಾಗಲಿ ಎಂದು ಒಂದು ಕೆಂಪು ದೀಪವನ್ನೂ ಇಟ್ಟೆ. ಅದು ಸದಾ ಉರಿಯುತ್ತಿತ್ತು.

"ಹಣೆಯ ಬೊಟ್ಟಿನ ಹಾಗೆ ಚಂದ ಉಂಟು ಮಾರಾಯ್ತಿ" ಎಂದು ಅತ್ತೆ ಮೆಚ್ಚಿದರು. ಒತ್ತಿದರು. ಅಡುಗೆಮನೆಯಲ್ಲಿ ಪೀಪಿ ಕಿರುಚಿತು. ಪ್ರಕಾಶರ ಕೈಯ ಚಹಾ ಅವರ ಅಂಗಿಗೆ ಹೋಯಿತು. ಅಮೋಘ ಯಶಸ್ಸು!

ಮರುದಿನ ಬೆಳಿಗ್ಗೆ ಬೊಟ್ಟು ಅಳಿಸಿಹೋಗಿತ್ತು. ಒತ್ತಿದರೆ ಉಸಿರಿಲ್ಲ. ಕೂತು ಯೋಚಿಸಿದ ಮೇಲೆ ತಿಳಿಯಿತು, ಇಡೀ ರಾತ್ರಿ ಆ ದೀಪವೂ, ನಿದ್ದೆ ಮಾಡಲು ನಾನು ಹೇಳಿಕೊಡದ ಆ ಚಿಪ್ಪೂ ಸೇರಿ ಪುಟ್ಟ ಸೆಲ್ಲನ್ನು ಪೂರ್ತಿ ಹೀರಿ ಮುಗಿಸಿದ್ದವು. ಕರೆಯುವ ಕೆಲಸಕ್ಕೆ ಇಟ್ಟ ಕರೆಂಟನ್ನು "ನಾನು ಇದ್ದೇನೆ, ನಾನು ಇದ್ದೇನೆ" ಎಂದು ಹೇಳುವುದಕ್ಕೇ ಖರ್ಚು ಮಾಡಿದ ರಿಮೋಟು ಅದು. ನಮ್ಮ ಸ್ಟಾಫ್ ರೂಮಿನಲ್ಲೂ ಅಂಥವರಿದ್ದಾರೆ.

"ಸೆಲ್ ಹಳತಾ ಏನೋ" ಎಂದೆ ಗಂಡನಿಗೆ, ಸ್ವಲ್ಪ ಗಂಭೀರವಾಗಿ.

"ನಮ್ಮ ಅಂಗಡಿಯಲ್ಲಿ ಹಳೆ ಮಾಲು ಇಲ್ಲ" ಎಂದರು ಅವರು, ಇನ್ನೂ ಗಂಭೀರವಾಗಿ.

ಎರಡನೆಯ ಪ್ರಯತ್ನದಲ್ಲಿ ದೀಪ ಕಿತ್ತೆ. ಗುಂಡಿ ಒತ್ತುವ ತನಕ ಚಿಪ್ಪು ಗಾಢ ನಿದ್ದೆಯಲ್ಲಿರಬೇಕು ಎಂದು ಅದಕ್ಕೆ ಬರೆದುಕೊಟ್ಟೆ. ಜೊತೆಗೆ ಒಂದು ಒಳ್ಳೆಯ ಗುಣವನ್ನೂ ಸೇರಿಸಿದೆ. ಸೆಲ್ ಬದಲಿಸಿದಾಗ ರಿಮೋಟು ಸರಿಯಾಗಿದೆಯೋ ಎಂದು ತಿಳಿಯಬೇಡವೇ? ಅದಕ್ಕಾಗಿ, ಹೊಸದಾಗಿ ಕರೆಂಟ್ ಸಿಕ್ಕಿ ಎಚ್ಚರವಾದ ಕೂಡಲೇ ಅದು ತಾನಾಗಿಯೇ ಒಮ್ಮೆ ಬೆಲ್ ಬಾರಿಸಬೇಕು. "ನಮಸ್ಕಾರ, ನಾನು ಎದ್ದೆ" ಎನ್ನುವ ಹಾಗೆ. ಸಂಸ್ಕಾರವಂತ ರಿಮೋಟು!

ಹೊಸ ಸೆಲ್ ಹಾಕಿದೆ. ಒಮ್ಮೆ ಬಾರಿಸಿತು. ನಮಸ್ಕಾರ ಸಂದಿತು. ಅತ್ತೆಯ ಕೈಗೆ ಕೊಟ್ಟು ಅಡುಗೆಮನೆಗೆ ಬಂದು ಸಾರಿಗೆ ಒಗ್ಗರಣೆ ಇಡುತ್ತಿದ್ದೇನೆ, ಬೆಲ್ ಆಯಿತು. ಓಡಿದೆ.

"ಅತ್ತೆ, ಕರೆದಿರಾ?"

"ಹೌದು ಮಗಾ, ಕಿಟಕಿಯ ಪರದೆ ಸ್ವಲ್ಪ ಸರಿಸು."

ಸರಿಸಿದೆ. ತಿರುಗಿ ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ಮತ್ತೆ ಬೆಲ್. ಮತ್ತೆ ಓಡಿದೆ.

"ಎಂತ ಅತ್ತೆ?"

"ನಾನು ಕರೀಲಿಲ್ಲ ಮಗಾ."

ಅಷ್ಟರಲ್ಲಿ ಅಡುಗೆಮನೆಯಲ್ಲಿ ಮತ್ತೆ ಕಿರುಚಾಟ. ಈಗ ಬಿಟ್ಟು ಬಿಟ್ಟು ಒಂದೇ ಸಮನೆ! ಅಂಗಡಿಯಿಂದ ಊಟಕ್ಕೆ ಬಂದಿದ್ದ ಪ್ರಕಾಶ ಅರ್ಧ ತೊಳೆದ ಕೈಯಲ್ಲೇ ಓಡಿ ಬಂದರು. ಅತ್ತೆ ಗುಂಡಿಯನ್ನು ಮುಟ್ಟಿರಲೇ ಇಲ್ಲ. ಎರಡೂ ಕೈಯನ್ನು ಮೇಲೆತ್ತಿ ತೋರಿಸಿದರು, ಪೋಲೀಸರ ಎದುರು ನಿಂತವರ ಹಾಗೆ. ಸ್ವಲ್ಪ ಹೊತ್ತಿನಲ್ಲಿ ಪೀಪಿ ಸುಸ್ತಾಗಿ ನಿಂತಿತು. ಅಬ್ಬಾ ಎಂದು ನಾವು ಊಟಕ್ಕೆ ಕೂತೆವು. ಅನ್ನಕ್ಕೆ ಸಾರು ಬಿದ್ದದ್ದೇ ಮತ್ತೆ ಶುರು!

ಆ ಮಧ್ಯಾಹ್ನ ಗಂಡ ಹೆಂಡತಿ ನಾವಿಬ್ಬರೂ ಆ ಉದ್ದದ ಮನೆಯಲ್ಲಿ ಓಡಿದಷ್ಟು ನಮ್ಮ ಶಾಲೆಯ ಕ್ರೀಡಾಕೂಟದಲ್ಲಿ ಮಕ್ಕಳೂ ಓಡಿರಲಿಕ್ಕಿಲ್ಲ. ಓಡದೆ ಇರುವಂತೆಯೂ ಇಲ್ಲ, ಈ ಸಲ ನಿಜವಾಗಿ ಕರೆದಿದ್ದರೆ? ನಾವು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಲ್ಲುವುದನ್ನು ನೋಡಿ ಅತ್ತೆಗೆ ಪಾಪ ಎನಿಸತೊಡಗಿತು. "ಕರೀಲಿಲ್ಲ" ಎಂದು ಹೇಳಿ ವಾಪಸು ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಪ್ರತಿ ಸಲವೂ ಒಂದೊಂದು ಕೆಲಸ ಹುಡುಕಿ ಕೊಡತೊಡಗಿದರು.

"ಬಂದದ್ದು ಬಂದಿ, ಒಂದು ಗ್ಲಾಸ್ ನೀರು ಕೊಡು."

"ಬಂದದ್ದು ಬಂದಿ ಪ್ರಕಾಶಾ, ಆ ಕ್ಯಾಲೆಂಡರ್ ಸೊಟ್ಟ ಉಂಟು, ಸರಿ ಮಾಡು."

ಸಾಯಂಕಾಲದ ಹೊತ್ತಿಗೆ ಅತ್ತೆ ಕುಡಿದ ನೀರು ಅತಿಯಾಗಿ, ಅದರಿಂದ ಬೇರೆ ಕೆಲಸಗಳು ಹುಟ್ಟಿಕೊಂಡವು. ಅವನ್ನು ಇಲ್ಲಿ ವಿವರಿಸುವುದು ಶೋಭೆಯಲ್ಲ.

ಸೆಲ್ ಕಿತ್ತು, ಪುಸ್ತಕ ತೆರೆದು ಕೂತಾಗ ಗುಟ್ಟು ಬಯಲಾಯಿತು. ಆ ನಾಣ್ಯದ ಸೆಲ್ಲು ವರ್ಷಗಟ್ಟಲೆ ಗುಟುಕು ಗುಟುಕಾಗಿ ಕರೆಂಟ್ ಕೊಡಬಲ್ಲದು. ಒಮ್ಮೆಲೇ ಒಂದು ಬಕೆಟ್ ಕೇಳಿದರೆ ಅದಕ್ಕೆ ತಲೆ ತಿರುಗುತ್ತದೆ. ಸಂಕೇತ ಕಳಿಸುವ ಬೋರ್ಡು ಕೇಳುವುದು ಬಕೆಟ್ಟೇ. ಅತ್ತೆ ಗುಂಡಿ ಒತ್ತಿದರು, ಬೋರ್ಡು ಕರೆಂಟ್ ಎಳೆಯಿತು, ಸೆಲ್ಲಿನ ವೋಲ್ಟೇಜ್ ಕುಸಿಯಿತು, ಚಿಪ್ಪು ಪ್ರಜ್ಞೆ ತಪ್ಪಿತು. ಹೊರೆ ಇಳಿದ ಕೂಡಲೇ ಸೆಲ್ ಚೇತರಿಸಿತು, ಚಿಪ್ಪಿಗೆ ಮತ್ತೆ ಎಚ್ಚರವಾಯಿತು. ಎಚ್ಚರವಾದ ಕೂಡಲೇ ಏನು ಮಾಡಬೇಕೆಂದು ನಾನು ಕಲಿಸಿದ್ದೆ? ನಮಸ್ಕಾರ! ನಮಸ್ಕಾರಕ್ಕೆ ಮತ್ತೆ ಒಂದು ಬಕೆಟ್, ಮತ್ತೆ ಮೂರ್ಛೆ, ಮತ್ತೆ ಎಚ್ಚರ, ಮತ್ತೆ ನಮಸ್ಕಾರ! ನನ್ನ ರಿಮೋಟು ವಿನಯದಿಂದಲೇ ಸಾಯುತ್ತಿತ್ತು.

"ಹಾಗಾದ್ರೆ ಆ ನಮಸ್ಕಾರ ತೆಗಿ" ಎಂದರು ಪ್ರಕಾಶ.

ಸರಳ ಪರಿಹಾರ. ಅದಕ್ಕೇ ನನಗೆ ಹಿಡಿಸಲಿಲ್ಲ. "ತಪ್ಪು ನಮಸ್ಕಾರದ್ದಲ್ಲ, ಸೆಲ್ಲಿನದ್ದು. ಬುಡದಿಂದಲೇ ಸರಿಪಡಿಸ್ಬೇಕು" ಎಂದು ಎರಡು ದೊಡ್ಡ ಪೆನ್ಸಿಲ್ ಸೆಲ್ ಹಾಕಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಿಕ್ಸಿ ತಿರುಗುವಾಗ ಸಂಕೇತ ಒಮ್ಮೊಮ್ಮೆ ಅಡುಗೆಮನೆಗೆ ತಲುಪುತ್ತಿರಲಿಲ್ಲ. ಸಂಕೇತ ಕಳಿಸುವ ಬೋರ್ಡಿಗೆ ಹೆಚ್ಚು ವೋಲ್ಟೇಜ್ ಕೊಟ್ಟಷ್ಟೂ ಅದು ದೂರಕ್ಕೆ ಕೂಗುತ್ತದೆ. ಹನ್ನೆರಡು ವೋಲ್ಟ್ ತನಕ ಕೊಡಬಹುದೆಂದು ಅದರ ಮೇಲೆಯೇ ಬರೆದಿತ್ತು. ಬಿಸ್ಕತ್ತು ಡಬ್ಬಿಯಲ್ಲಿ ಒಂದು ಬೂಸ್ಟರ್ ಇತ್ತು, ಪುಟ್ಟ ಸೆಲ್ಲುಗಳ ವೋಲ್ಟೇಜನ್ನು ಎತ್ತಿ ಎತ್ತಿ ದೊಡ್ಡದು ಮಾಡುವ ಯಂತ್ರ. ಹಾಕಿಯೇಬಿಟ್ಟೆ! ಆಮೇಲೆ ನೀರು ಬೀಳದಿರಲಿ ಎಂದು ಸಾಬೂನು ಡಬ್ಬಿಯ ಮುಚ್ಚಳಕ್ಕೆ ಸುತ್ತಲೂ ಗಟ್ಟಿ ಗಮ್ಮು ಹಚ್ಚಿ ಮುಚ್ಚಿದೆ.

"ಸೆಲ್ ಮುಗಿದ್ರೆ?" ಎಂದರು ಪ್ರಕಾಶ.

"ಮುಗಿಯೂದಿಲ್ಲ" ಎಂದೆ.

ಹೌದು, ಇದು ಕೆಲಸ ಮಾಡಿತು! ಅತ್ತೆ ಒತ್ತಿದರು, ಮಿಕ್ಸಿಯ ನಡುವೆಯೂ ಬೆಲ್ ಕೇಳಿತು. ಒತ್ತದಿದ್ದಾಗ ಸುಮ್ಮನಿತ್ತು. ಮನೆಯಲ್ಲಿ ಶಾಂತಿ ನೆಲೆಸಿತು. ಅತ್ತೆ ಫೋನಿನಲ್ಲಿ ಮಗಳಿಗೆ, "ಸವಿತಾ ನನಗೆ ಒಂದು ಮಿಶನ್ ಮಾಡಿದ್ದಾಳೆ, ಒತ್ತಿದ್ರೆ ಓಡಿ ಬರ್ತಾಳೆ" ಎಂದು ಹೆಮ್ಮೆಯಿಂದ ಹೇಳಿದರು.

"ಆದಿತ್ಯವಾರ ನಾನೇ ಬಂದು ನೋಡ್ತೇನೆ" ಎಂದರು ಸುಮತಿ ಅತ್ತಿಗೆ. "ಸರಿ ಇದ್ರೆ ನೀನು ಅಲ್ಲೇ ಇರು. ಇಲ್ಲದಿದ್ರೆ ಕಾರಿಗೆ ಹತ್ತು."

ಈ ನಡುವೆ ಖದೀಜಮ್ಮನ ಮನೆಯಲ್ಲಿ ಏನೋ ತೊಂದರೆ ಶುರುವಾಗಿತ್ತು. ಅವರ ಮಗ ಶಾರ್ಜಾದಲ್ಲಿದ್ದಾನೆ. ಕಳೆದ ಸಲ ಬಂದಾಗ ಅಂಗಳಕ್ಕೆ ರಿಮೋಟಿನ ಗೇಟು ಮಾಡಿಸಿದ್ದ. ಒತ್ತಿದರೆ ಗಾಲಿಯ ಮೇಲೆ ಸರಿದು ತೆರೆಯುತ್ತದೆ, ಮತ್ತೆ ಒತ್ತಿದರೆ ಮುಚ್ಚುತ್ತದೆ. ಆ ಗೇಟಿನ ಒಳಗೆ ಖದೀಜಮ್ಮನ ಪ್ರಾಣದಂಥ ಆಡುಗಳು.

"ಟೀಚರೇ" ಎಂದು ಅವರು ಬೇಲಿಯ ಹತ್ತಿರ ನನ್ನನ್ನು ನಿಲ್ಲಿಸಿದರು. "ನಮ್ಮ ಗೇಟಿಗೆ ಎಂತದೋ ಆಗಿದೆ. ಅದರಷ್ಟಕ್ಕೆ ತೆರೀತದೆ, ಅದರಷ್ಟಕ್ಕೆ ಮುಚ್ಚುತ್ತದೆ. ಮೊನ್ನೆ ಆಡು ಹೈವೇ ತನಕ ಹೋಗಿತ್ತು. ಗೇಟಿನವರು ಬಂದು ನೋಡಿ ಎಲ್ಲ ಸರಿ ಉಂಟು ಅಂದ್ರು. ನೀವು ಇದನ್ನೆಲ್ಲ ಕಲ್ತವರಲ್ಲ, ಎಂತ ಇರ್ಬಹುದು?"

ನಾನು ಗೇಟನ್ನು ಮೇಲಿನಿಂದ ಕೆಳಗೆ ನೋಡಿದೆ. ಕನ್ನಡಕ ಸರಿಮಾಡಿಕೊಂಡೆ. "ಕರೆಂಟಿನ ಏರಿಳಿತ ಖದೀಜಮ್ಮ. ಕೆಲವು ಯಂತ್ರಗಳಿಗೆ ಗುಣಮಟ್ಟ ಇರೂದಿಲ್ಲ. ಮಾಡುವವರಿಗೆ ಕರೆಂಟ್ ವಿಷಯದಲ್ಲಿ ಗಮನ ಸಾಲದು" ಎಂದು ವಿವರವಾಗಿ ಅಭಿಪ್ರಾಯ ಕೊಟ್ಟೆ.

"ಹೌದಾ! ಕಲ್ತವರು ಹತ್ತಿರ ಇದ್ರೆ ಎಷ್ಟು ಒಳ್ಳೇದು!" ಎಂದು ಅವರು ಒಂದು ತಟ್ಟೆ ಅಕ್ಕಿಯ ಪತ್ತಿರ್ ರೊಟ್ಟಿ ಕೊಟ್ಟರು. ನಾನು ತಿಂದೆ. ಅದನ್ನು ನೆನೆದರೆ ಇವತ್ತಿಗೂ ಗಂಟಲಲ್ಲಿ ಸಿಕ್ಕುತ್ತದೆ.

ಆದಿತ್ಯವಾರ ಬಂತು. ಸುಮತಿ ಅತ್ತಿಗೆಯೂ ಅವರ ಗಂಡ ಶ್ರೀಧರ ಭಾವನೂ ಬಂದಿಳಿದರು. ನಮ್ಮ ಓಣಿಯಲ್ಲಿ ಕಾರು ನಿಲ್ಲಿಸಿದರೆ ಬೇರೆ ಯಾರೂ ಹೋಗುವಂತಿಲ್ಲ. ಹಾಗಾಗಿ ನಮ್ಮ ಮನೆಗೆ ಬಂದ ಕಾರುಗಳೆಲ್ಲ ಖದೀಜಮ್ಮನ ಅಂಗಳದಲ್ಲೇ ನಿಲ್ಲುವುದು. ಭಾವ ಕಾರು ಒಳಗೆ ಬಿಟ್ಟು ಬಂದರು. ಖದೀಜಮ್ಮ ಗೇಟು ಮುಚ್ಚಿದರು. ಚಹಾ ಆಯಿತು, ಅವಲಕ್ಕಿ ಆಯಿತು.

"ಇನ್ನು ಆ ಮಿಶನ್ ತೋರಿಸು" ಎಂದರು ಅತ್ತಿಗೆ.

ಅದೇ ಹೊತ್ತಿಗೆ ಭಾವನಿಗೆ ಕನ್ನಡಕ ಕಾರಿನಲ್ಲೇ ಉಳಿದದ್ದು ನೆನಪಾಗಿ, ತರಲು ಹೋದರು. ನಾವೆಲ್ಲ ಅತ್ತೆಯ ಮಂಚದ ಸುತ್ತ ನಿಂತೆವು. ಪ್ರಕಾಶರನ್ನು ಸಾಕ್ಷಿಗೆಂದು ಅಡುಗೆಮನೆಯಲ್ಲಿ ನಿಲ್ಲಿಸಿದೆ. ಅತ್ತೆ ತಲೆಗೂದಲು ಸರಿಮಾಡಿಕೊಂಡರು, ಫೋಟೋ ತೆಗೆಯುವವರ ಎದುರು ಕೂತ ಹಾಗೆ ನೆಟ್ಟಗೆ ಕೂತು ಹೆಬ್ಬೆರಳಿನಿಂದ ಗುಂಡಿ ಒತ್ತಿದರು.

ಅಡುಗೆಮನೆಯಲ್ಲಿ ಬೆಲ್ ಆಯಿತು. ನಾನು ಅತ್ತಿಗೆಯ ಕಡೆ ನೋಡಿ ನಕ್ಕೆ.

ಮತ್ತೆ ಬೆಲ್ ಆಯಿತು. ಅತ್ತೆಯ ಬೆರಳು ಗುಂಡಿಯ ಮೇಲೆ ಇರಲಿಲ್ಲ. ನನ್ನ ನಗು ಅಲ್ಲೇ ಒಣಗಿತು.

ಮತ್ತೆ ಬೆಲ್! ಮತ್ತೆ! ಮತ್ತೆ!

ಆದದ್ದಿಷ್ಟು. ಆ ಬೂಸ್ಟರ್ ಇತ್ತಲ್ಲ, ಅದು ಸುಮ್ಮನೆ ಕೂತಾಗಲೂ ಸೆಲ್ ತಿನ್ನುವ ಜಾತಿಯದ್ದು. ಚಿಪ್ಪಿಗೆ ನಿದ್ದೆ ಮಾಡಲು ಕಲಿಸಿದ್ದೆ, ಬೂಸ್ಟರಿಗೆ ಕಲಿಸಿರಲಿಲ್ಲ. ದಿನಾ ಮೆಲ್ಲ ಮೆಲ್ಲನೆ ತಿಂದು ಅದು ಪೆನ್ಸಿಲ್ ಸೆಲ್ಲುಗಳನ್ನು ಬಡಕಲು ಮಾಡಿತ್ತು. ಬಡಕಲು ಸೆಲ್ಲಿಗೆ ಒಂದು ಬಕೆಟ್ ಕರೆಂಟ್ ಕೇಳಿದರೆ ಮತ್ತೆ ಮೂರ್ಛೆ. ಮೂರ್ಛೆ ತಿಳಿದು ಎದ್ದರೆ, ನಾನು ಹಟ ಹಿಡಿದು ಉಳಿಸಿಕೊಂಡ ಆ ಸಂಸ್ಕಾರ! ನಮಸ್ಕಾರ, ನಮಸ್ಕಾರ, ನಮಸ್ಕಾರ!

"ಎಂತ ಇದು ಸವಿತಾ?" ಎಂದರು ಅತ್ತಿಗೆ ಕಿವಿ ಮುಚ್ಚಿಕೊಂಡು.

"ಪರೀಕ್ಷಾರ್ಥ ಸಂಕೇತಗಳು" ಎಂದೆ.

ಡಬ್ಬಿ ತೆರೆಯಲು ನೋಡಿದೆ. ಗಮ್ಮು! ಉಗುರು ಹಾಕಿದೆ, ಬಾಯಿ ಹಾಕಿದೆ. ನಾನು ಹಚ್ಚಿದ ಗಮ್ಮು ಮಾತ್ರ ನನ್ನ ಕೆಲಸಗಳಲ್ಲೇ ಅತ್ಯುತ್ತಮವಾಗಿತ್ತು. ಪ್ರಕಾಶ ಚೂರಿ ಹಿಡಿದು ಓಡಿ ಬಂದರು. ಅಷ್ಟರಲ್ಲಿ ಕಿಟಕಿಯ ಆಚೆಯಿಂದ ಘರ್‌ ಘರ್‌ ಎಂದು ಇನ್ನೊಂದು ಸದ್ದು ಸೇರಿತು.

ಎಲ್ಲರೂ ಅತ್ತ ನೋಡಿದೆವು. ಖದೀಜಮ್ಮನ ಗೇಟಿಗೆ ಹುಚ್ಚು ಹಿಡಿದಿತ್ತು. ಸರ್ರನೆ ತೆರೆಯುವುದು, ಅರ್ಧಕ್ಕೆ ನಿಲ್ಲುವುದು, ಮುಚ್ಚುವುದು, ಮತ್ತೆ ತೆರೆಯುವುದು. ಕನ್ನಡಕ ತೆಗೆದುಕೊಂಡು ಹೊರಟ ಶ್ರೀಧರ ಭಾವ ಅದರ ಎದುರು ನಿಂತಿದ್ದರು. ಅದು ತೆರೆದಾಗ ಅವರು ಒಂದು ಹೆಜ್ಜೆ ಮುಂದೆ, ಮುಚ್ಚಿದಾಗ ಒಂದು ಹೆಜ್ಜೆ ಹಿಂದೆ. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದ ಮನುಷ್ಯ, ಹೊಸ ಪ್ಯಾಂಟು ಹಾಕಿಕೊಂಡು, ಗೇಟಿನ ಜೊತೆ ಕುಣಿಯುತ್ತಿದ್ದರು. ಆಡುಗಳಿಗೆ ಆ ತಾಳ ಬೇಗ ಅರ್ಥವಾಯಿತು. ಗೇಟು ತೆರೆದಾಗಲೊಮ್ಮೆ ಒಂದೊಂದಾಗಿ ಹೊರಗೆ ಹಾರಿ ಹೈವೇಯ ಕಡೆ ಓಟ!

ನಮ್ಮ ಪೀಪಿ ಒಮ್ಮೆ ಕಿರುಚಿದರೆ ಆಚೆ ಗೇಟು ಒಮ್ಮೆ ಅಲುಗುತ್ತಿತ್ತು. ಪೀಪಿ, ಗೇಟು. ಪೀಪಿ, ಗೇಟು. ರಿಮೋಟಿಗೂ ಅದರ ಮಾತು ಕೇಳುವ ಪೆಟ್ಟಿಗೆಗೂ ನಡುವೆ ಒಂದು ಗುಟ್ಟಿನ ಕೋಡ್ ಇರುತ್ತದೆ, ಕಂಪೆನಿಯಿಂದ ಬರುವಾಗ ಅದು ಎಲ್ಲದಕ್ಕೂ ಒಂದೇ, ಅದನ್ನು ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬೇಕು. ನಾನು ಬದಲಿಸಿರಲಿಲ್ಲ. ಗೇಟು ಕೂರಿಸಿದವರೂ ಬದಲಿಸಿರಲಿಲ್ಲ. ಮೊದಲಾದರೆ ನನ್ನ ರಿಮೋಟಿನ ಕೂಗು ಅವರ ಅಂಗಳದ ಆಚೆ ತುದಿಯ ಗೇಟಿಗೆ ತಲುಪುತ್ತಿರಲಿಲ್ಲ. ಹನ್ನೆರಡು ವೋಲ್ಟ್ ಕೊಟ್ಟು ಅದಕ್ಕೆ ಊರಿಗೇ ಕೇಳುವ ಗಂಟಲು ಕೊಟ್ಟವಳು ನಾನೇ!

ಆಗ ಕೋಣೆಯಲ್ಲಿ ಒಂದು ಸ್ವರ ಎದ್ದಿತು.

"ಖದೀಜಾಽಽಽ! ಆಡು! ಆಡು ಹೋಯ್ತು! ಗೇಟು! ಅಳಿಯ!"

ಯಾರು ಎಂದು ಎಲ್ಲರೂ ಸುತ್ತ ನೋಡಿದೆವು. ಅತ್ತೆ! ನಮ್ಮ ಅತ್ತೆ! ಮಂಚದಲ್ಲಿ ಎದ್ದು ಕೂತು, ಕಿಟಕಿಯ ಸರಳು ಹಿಡಿದು, ಕುತ್ತಿಗೆಯ ನರ ಉಬ್ಬಿಸಿ ಕೂಗುತ್ತಿದ್ದರು. ಆ ಸ್ವರಕ್ಕೆ ಹೈವೇಯ ಲಾರಿಯೊಂದು ಬ್ರೇಕ್ ಹಾಕಿತೆಂದು ಪ್ರಕಾಶ ಹೇಳುತ್ತಾರೆ. ನಾನು ಅದನ್ನು ನಂಬುತ್ತೇನೆ.

ಖದೀಜಮ್ಮ ಒಳಗಿನಿಂದ ಓಡಿ ಬಂದರು, ಒಂದು ನೋಟದಲ್ಲೇ ಎಲ್ಲ ಅರ್ಥ ಮಾಡಿಕೊಂಡು ವಾಪಸು ಓಡಿ ಮನೆಯ ಮೈನ್ ಸ್ವಿಚ್ ಕೆಳಗೆ ಎಳೆದರು. ಗೇಟು ಅರ್ಧದಲ್ಲಿ ನಿಂತಿತು. ಭಾವ ಅದರ ಮೇಲೆಯೇ ಒರಗಿ ನಿಂತುಬಿಟ್ಟರು. ಖದೀಜಮ್ಮನ ಸೊಸೆ ಸಮೀರಾ ಆಡುಗಳ ಹಿಂದೆ ಓಡಿದಳು. ಓಣಿಯ ತುದಿಯ ಆಟೋದವರು ಆಟೋವನ್ನು ಅಡ್ಡ ನಿಲ್ಲಿಸಿ ಆಡುಗಳನ್ನು ತಡೆದರು. ಮೀನು ಮಾರುವವರು ಸ್ಕೂಟರು ಬಿಟ್ಟು, ತಕ್ಕಡಿಯನ್ನು ಕೈಯಲ್ಲೇ ಹಿಡಿದು ಓಡಿ ಬಂದರು. ಆಡುಗಳೆಲ್ಲ ಸುರಕ್ಷಿತವಾಗಿ ಸಿಕ್ಕಿದವು. ಆಮೇಲೆ ಅಷ್ಟೂ ಜನ ಎಲ್ಲಿಗೆ ಬಂದರು? ನೆಟ್ಟಗೆ ಅತ್ತೆಯ ಕೋಣೆಗೆ.

"ರತ್ನಕ್ಕಾ, ಎಂತ ಆಯ್ತು? ಬಿದ್ರಾ?" ಎಂದು ಖದೀಜಮ್ಮ ಅತ್ತೆಯ ಕೈ ಹಿಡಿದುಕೊಂಡರು. ಆಟೋದವರು, "ಆಸ್ಪತ್ರೆಗೆ ಹೋಗ್ಲಿಕ್ಕುಂಟಾ? ಆಟೋ ಸ್ಟಾರ್ಟಿನಲ್ಲೇ ಉಂಟು" ಎಂದರು.

ಅಷ್ಟರಲ್ಲಿ ಪ್ರಕಾಶರ ಚೂರಿಗೆ ಡಬ್ಬಿ ಬಾಯಿ ಬಿಟ್ಟಿತ್ತು. ಸೆಲ್ಲುಗಳು ನೆಲಕ್ಕೆ ಉರುಳಿದವು. ಪೀಪಿ ನಿಂತಿತು. ಆ ಮೌನದಲ್ಲಿ ಎಲ್ಲರೂ ನನ್ನ ಕೈಯ ಸಾಬೂನು ಡಬ್ಬಿಯನ್ನು ನೋಡಿದರು. ಹೇಳದೆ ಬೇರೆ ದಾರಿ ಇರಲಿಲ್ಲ. ಹೇಳಿದೆ. ವೋಲ್ಟೇಜ್, ಬೂಸ್ಟರ್, ಸಂಕೇತ, ಎಲ್ಲವನ್ನೂ ಪಾಠದ ಹಾಗೆ ವಿವರಿಸಿದೆ. ತಲೆ ತಗ್ಗಿಸಿ ವಿವರಿಸಿದ ನನ್ನ ಮೊದಲ ಪಾಠ ಅದು.

ಖದೀಜಮ್ಮ ನನ್ನನ್ನು ನೋಡಿದರು, ಡಬ್ಬಿಯನ್ನು ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

"ಹಾಗಾದ್ರೆ ನಮ್ಮ ಗೇಟಿಗೆ ಹಿಡಿದದ್ದು ಬೇರೆ ಎಂತದೂ ಅಲ್ಲ! ಟೀಚರ್ ಹಿಡಿದದ್ದು!"

ಆ ಕೋಣೆಯಲ್ಲಿ ಎದ್ದ ನಗು! ಅತ್ತೆಗೆ ನಕ್ಕು ನಕ್ಕು ಕೆಮ್ಮು ಬಂತು. ಭಾವ ಮಾತ್ರ ಬಾಗಿಲಲ್ಲಿ ನಿಂತು ಪ್ಯಾಂಟಿನ ಧೂಳು ಕೊಡವುತ್ತಿದ್ದರು.

"ಅಮ್ಮಾ" ಎಂದರು ಅತ್ತಿಗೆ, "ನೀನು ಮೊದಲು ಆಡಿನ ಹೆಸರು ಹೇಳಿದ್ದು. ನನ್ನ ಗಂಡ ಕೊನೆಗೆ!"

"ಆಡು ಓಡ್ತಿತ್ತು ಮಗಾ. ಅಳಿಯ ಅಲ್ಲೇ ಇದ್ರಲ್ಲ" ಎಂದರು ಅತ್ತೆ, ಮತ್ತೆ ತಮ್ಮ ಎಂದಿನ ಮೆತ್ತಗಿನ ಸ್ವರದಲ್ಲಿ.

ಅತ್ತಿಗೆ ಸುತ್ತಲೂ ಕಣ್ಣಾಡಿಸಿದರು. ಕೋಣೆ ತುಂಬ ಜನ. ಖದೀಜಮ್ಮ ಮಂಚದ ಅಂಚಿನಲ್ಲಿ ಕೂತು ಅತ್ತೆಯ ಬೆನ್ನು ಉಜ್ಜುತ್ತಿದ್ದರು. ಸಮೀರಾ ನಮ್ಮ ಅಡುಗೆಮನೆಗೆ ತಾನಾಗಿಯೇ ಹೋಗಿ ಎಲ್ಲರಿಗೂ ಚಹಾಕ್ಕೆ ನೀರಿಟ್ಟಿದ್ದಳು. ಮೀನಿನವರು ಅತ್ತೆಗೆ ಕಾಲು ಬೇಗ ಕೂಡಲು ಯಾವ ಮೀನಿನ ಸಾರು ಒಳ್ಳೆಯದೆಂದು ಹೇಳುತ್ತಿದ್ದರು. ನಾವು ಮೀನು ತಿನ್ನುವವರಲ್ಲ ಎಂದು ಅವರಿಗೆ ಗೊತ್ತು. ಆದರೂ ಹೇಳುತ್ತಿದ್ದರು.

"ನೀನು ಇಲ್ಲೇ ಇರಮ್ಮ" ಎಂದರು ಅತ್ತಿಗೆ ಕೊನೆಗೆ. "ನಮ್ಮ ಫ್ಲಾಟಿನಲ್ಲಿ ನೀನು ಹೀಗೆ ಕೂಗಿದ್ರೆ ಯಾರೂ ಬರೂದಿಲ್ಲ. ಬಂದ್ರೂ ಕಂಪ್ಲೇಂಟ್ ಹಿಡ್ಕೊಂಡು ಬರ್ತಾರೆ."

ಅತ್ತೆ ಮಗಳ ಕೈಯನ್ನೂ ಖದೀಜಮ್ಮನ ಕೈಯನ್ನೂ ಒಟ್ಟಿಗೆ ಹಿಡಿದುಕೊಂಡರು. ನಾನು ಗೆದ್ದೆ ಎಂದುಕೊಂಡೆ. ಹೇಗೆ ಎಂದು ಮಾತ್ರ ಕೇಳಬಾರದು.

ಹೊರಡುವ ಮೊದಲು ಅತ್ತಿಗೆ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಅಂಗಡಿಯ ಕಾಲಿಂಗ್ ಬೆಲ್! "ಎಂತಕ್ಕೂ ಇರ್ಲಿ ಅಂತ ತಂದೆ. ಒಳ್ಳೇದುಂಟಂತೆ. ಇದರ ರಿಮೋಟಿಗೆ ಸೆಲ್ಲೇ ಬೇಡ. ಒತ್ತುವಾಗ ಬೆರಳಿನ ಬಲದಲ್ಲೇ ಅದಕ್ಕೆ ಬೇಕಾದ ಕರೆಂಟ್ ಹುಟ್ತದಂತೆ. ಅದು ಹೇಗೆ ಸವಿತಾ?"

ಹೇಗೆ? ಸುರುಳಿಯೊಳಗೆ ಅಯಸ್ಕಾಂತ ಸರಿದರೆ ಕರೆಂಟ್ ಹುಟ್ಟುತ್ತದೆ. ಅದನ್ನು ನಾನು ಪ್ರತಿ ವರ್ಷ ಬೋರ್ಡಿನಲ್ಲಿ ಬಣ್ಣದ ಚಾಕಿನಲ್ಲಿ ಚಿತ್ರ ಬರೆದು ಕಲಿಸುತ್ತೇನೆ. "ಏನೋಪ್ಪ" ಎಂದೆ. ಪ್ರಕಾಶ ಅಂದು ಏನೂ ಅನ್ನಲಿಲ್ಲ. ಬೆಲ್ಲನ್ನು ಗೋಡೆಗೆ ಸಿಕ್ಕಿಸಿ, ಮೆಲ್ಲಗೆ ನನ್ನ ಬೆನ್ನು ತಟ್ಟಿ, ಅಂಗಡಿಗೆ ಹೋದರು. ಅಂದಿದ್ದರೆ ವಾಸಿಯಿತ್ತು.

ಅತ್ತೆಗಾಗಿ ಹಾಕಿದ್ದ ರಜೆ ಮುಗಿಸಿ ಮರುದಿನ ಶಾಲೆಗೆ ಹೋದೆ. ಪ್ಲಸ್ ಟೂ ತರಗತಿಯಲ್ಲಿ ಅಂದಿನ ಪಾಠ ಬೇರೆ ಯಾವುದೂ ಅಲ್ಲ, ಸೆಲ್ಲಿನ ಒಳಗಿನ ತಡೆ! ಎಷ್ಟು ಕರೆಂಟ್ ಎಳೆದರೆ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂಬ ಲೆಕ್ಕ. ಚಿತ್ರ ಬರೆದೆ, ಸೂತ್ರ ಬರೆದೆ, ಗಂಟಲು ಸರಿಮಾಡಿಕೊಂಡು ತರಗತಿಯ ಕಡೆ ತಿರುಗಿದೆ.

"ದುರ್ಬಲವಾದ ಸೆಲ್ಲಿಗೆ ಒಮ್ಮೆಲೇ ಹೆಚ್ಚು ಹೊರೆ ಹಾಕಿದ್ರೆ ಎಂತ ಆಗ್ತದೆ? ಯಾರು ಹೇಳ್ತೀರಿ?"

ಹಿಂದಿನ ಬೆಂಚಿನಿಂದ ಒಂದು ಸ್ವರ ತಡವಿಲ್ಲದೆ ಬಂತು:

"ಪಕ್ಕದ ಮನೆಯ ಗೇಟು ತೆರೀತದೆ ಟೀಚರ್!"

ಇಡೀ ತರಗತಿ ಗೊಳ್ಳೆಂದಿತು. ಉತ್ತರ ತಪ್ಪು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.